ಕಸದ ತೀರ್ಮಾನ ಆಗುವುದು ಟೆಂಡರ್ ಷರತ್ತಿನಲ್ಲಿ

ಪ್ರಶ್ನೆ: ನಮ್ಮದು ಮಹಾನಗರ ಪಾಲಿಕೆ ವ್ಯಾಪ್ತಿಯ ಬಡಾವಣೆ. ಬೀದಿ ಕೊನೆಯಲ್ಲಿದ್ದ ಕಸದ ಕಂಟೇನರನ್ನು ಯಾರನ್ನೂ ಕೇಳದೆ ಎತ್ತಿಕೊಂಡು ಹೋದರು. ಈಗ ಬೆಳಿಗ್ಗೆ ಆಟೋ ಟಿಪ್ಪರ್ ಬರುತ್ತದೆ. ಹಸಿ ಕಸ ದಿನವೂ, ಒಣ ಕಸ ವಾರಕ್ಕೆ ಎರಡು ದಿನ ಕೊಡಬೇಕು ಅಂತ ಚೀಟಿ ಹಂಚಿದ್ದಾರೆ. ನಾವು ಬೇರ್ಪಡಿಸಿ ಕೊಟ್ಟರೂ ಗಾಡಿಯವರು ಕಣ್ಣೆದುರೇ ಎರಡನ್ನೂ ಒಂದೇ ಕಡೆ ಸುರಿಯುತ್ತಾರೆ. ಸಾಲದ್ದಕ್ಕೆ ಆಸ್ತಿ ತೆರಿಗೆ ಜೊತೆ ಕಸದ ಶುಲ್ಕ ಬೇರೆ. ಕಾರ್ಪೊರೇಟರ್ ಅವರನ್ನು ಕೇಳಿದರೆ ಕಮಿಷನರ್ ನಿರ್ಧಾರ ಅಂತಾರೆ, ಪಾಲಿಕೆ ಕಚೇರಿಗೆ ಹೋದರೆ ಸರ್ಕಾರದ ಆದೇಶ ಅಂತಾರೆ. ನಿಜಕ್ಕೂ ಇದನ್ನೆಲ್ಲ ತೀರ್ಮಾನಿಸುವವರು ಯಾರು? ಮನೆಯಲ್ಲೇ ಗೊಬ್ಬರ ಮಾಡಿಕೊಂಡರೆ ಶುಲ್ಕ ತಪ್ಪುತ್ತದೆಯೇ?

ಉತ್ತರ: ನಿಮಗೆ ಸಿಕ್ಕ ಎರಡು ಉತ್ತರಗಳೂ ಸುಳ್ಳಲ್ಲ. ಮನೆ ಕಸದ ವಿಚಾರವನ್ನು ಒಬ್ಬರೇ ಕೂತು ಒಂದೇ ದಿನ ತೀರ್ಮಾನಿಸುವ ಜಾಗ ಎಂಬುದು ನಮ್ಮ ವ್ಯವಸ್ಥೆಯಲ್ಲಿ ಇಲ್ಲ. ದೆಹಲಿ ಒಂದು ತುಂಡನ್ನು, ಬೆಂಗಳೂರು ಒಂದು ತುಂಡನ್ನು, ಜಿಲ್ಲಾಧಿಕಾರಿ ಒಂದು ತುಂಡನ್ನು, ಪಾಲಿಕೆ ಉಳಿದದ್ದನ್ನು ನಿರ್ಧರಿಸುತ್ತವೆ. ಕೆಲವೊಮ್ಮೆ ನ್ಯಾಯಾಲಯ ಇವರೆಲ್ಲರ ಪರವಾಗಿ ನಿರ್ಧರಿಸಿಬಿಡುತ್ತದೆ. ಆದರೆ ನಿಮ್ಮ ಮನೆ ಬಾಗಿಲಿಗೆ ಬರುವ ಗಾಡಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ತೀರ್ಮಾನಿಸುವ ಕಾಗದ ಮಾತ್ರ ಒಂದೇ, ಅದು ಟೆಂಡರ್ ದಾಖಲೆ. ಜನ ಅದನ್ನು ಓದುವುದಿಲ್ಲ, ಎಷ್ಟೋ ಸಲ ಸದಸ್ಯರೂ ಓದುವುದಿಲ್ಲ. ನನ್ನ ಉತ್ತರದ ಬಹುಪಾಲು ಅದರ ಬಗ್ಗೆಯೇ ಇರುತ್ತದೆ.

ಮೊದಲು ಮೇಲಿನ ಮೆಟ್ಟಿಲುಗಳನ್ನು ಬೇಗ ದಾಟಿಬಿಡೋಣ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದರಿಂದ ಸೇರಿದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳಿವೆ, ಘನತ್ಯಾಜ್ಯ ಅವುಗಳಲ್ಲೊಂದು. 1976ರ ಕರ್ನಾಟಕ ಪೌರನಿಗಮಗಳ ಅಧಿನಿಯಮ ಕಸ ತೆಗೆಯುವುದನ್ನು ಪಾಲಿಕೆಯ ಕಡ್ಡಾಯ ಕರ್ತವ್ಯವನ್ನಾಗಿ ಮಾಡಿದೆ. ಅಂದರೆ ಕಸ ಎತ್ತಬೇಕೋ ಬೇಡವೋ ಎಂಬುದು ಪಾಲಿಕೆಯ ಇಷ್ಟಕ್ಕೆ ಬಿಟ್ಟದ್ದಲ್ಲ. ಹೇಗೆ ಎತ್ತಬೇಕು ಎಂಬುದರಲ್ಲೂ ಅದರ ಸ್ವಾತಂತ್ರ್ಯ ನೀವು ಊಹಿಸುವುದಕ್ಕಿಂತ ಕಡಿಮೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಬೆನ್ನಲ್ಲೇ 2000ದಲ್ಲಿ ದೇಶಕ್ಕೆ ಮೊದಲ ಪೌರ ಘನತ್ಯಾಜ್ಯ ನಿಯಮಗಳು ಬಂದವು. 2016ರಲ್ಲಿ ಅವನ್ನು ಬದಲಿಸಿ, ಮನೆಯಲ್ಲೇ ಕಸವನ್ನು ಮೂರು ಬಗೆಯಾಗಿ ಬೇರ್ಪಡಿಸುವುದನ್ನು ಕಡ್ಡಾಯ ಮಾಡಿದರು: ಹಸಿ, ಒಣ, ಮನೆಯ ಅಪಾಯಕಾರಿ ಕಸ. 2026ರ ನಿಯಮಗಳು ಸ್ಯಾನಿಟರಿ ಕಸವನ್ನೂ ಪ್ರತ್ಯೇಕಿಸಿ ನಾಲ್ಕು ಬಗೆ ಮಾಡಿವೆ. ನಿಮಗೆ ಸಿಕ್ಕ ಚೀಟಿಯ ಮೂಲ ಇಲ್ಲಿದೆ. ಬೇರ್ಪಡಿಸಿ ಕೊಡಿ ಎಂಬುದರಲ್ಲಿ ಪಾಲಿಕೆಗೆ ಆಯ್ಕೆಯೇ ಇಲ್ಲ, ಹಾಗಾಗಿ ಈ ವಿಷಯದಲ್ಲಿ 'ಸರ್ಕಾರದ ಆದೇಶ' ಎಂಬ ಮಾತು ಸರಿ. ವಾರಕ್ಕೆ ಎಷ್ಟು ದಿನ, ಎಷ್ಟು ಗಾಡಿ, ಯಾವ ಗಾಡಿ ಎಂಬುದು ಮಾತ್ರ ಪಾಲಿಕೆಯದ್ದೇ. ಅಲ್ಲಿ ಆ ಮಾತು ನುಣುಚಿಕೊಳ್ಳುವ ದಾರಿ.

ಕಂಟೇನರ್ ಎತ್ತಿದ್ದರ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಹಿಡಿಸಲಿಕ್ಕಿಲ್ಲ. ಎತ್ತಿದ್ದು ಸರಿ, ಹೇಳದೆ ಎತ್ತಿದ್ದು ತಪ್ಪು. ಬೀದಿ ತೊಟ್ಟಿ ಇರುವವರೆಗೆ ಯಾವ ಮನೆಯೂ ಕಸ ಬೇರ್ಪಡಿಸುವುದಿಲ್ಲ, ಏಕೆಂದರೆ ಅಲ್ಲಿ ಯಾರು ಏನು ಹಾಕಿದರು ಎಂದು ತಿಳಿಯುವುದಿಲ್ಲ. ಹೋಟೆಲ್‌ನವರು, ಚಿಕನ್ ಅಂಗಡಿಯವರು, ಮನೆ ಒಡೆಸಿದವರು ಎಲ್ಲರೂ ರಾತ್ರಿ ಅಲ್ಲೇ ಸುರಿಯುತ್ತಾರೆ. ಅದನ್ನು ಎತ್ತಲು ಬೇರೆ ಲಾರಿ ಬೇಕು, ಎತ್ತಿದ ಮೇಲೆ ಆ ಮಿಶ್ರ ಕಸದಿಂದ ಒಳ್ಳೆಯ ಗೊಬ್ಬರವೂ ಆಗುವುದಿಲ್ಲ. ಆದರೆ ತೊಟ್ಟಿ ತೆಗೆಯುವ ಹೊತ್ತಿಗೆ ಗಾಡಿ ಪ್ರತಿ ಮನೆಗೂ ಬರುತ್ತಿರಬೇಕು. ಬೆಂಗಳೂರಿನಲ್ಲಿ ಸುಮಾರು 750 ಮನೆಗಳಿಗೆ ಒಂದು ಆಟೋ ಟಿಪ್ಪರ್ ಎಂಬ ಲೆಕ್ಕ ಇಟ್ಟುಕೊಂಡಿದ್ದರು. ಗಾಡಿ ಅದಕ್ಕಿಂತ ಕಡಿಮೆಯಾದರೆ ಕೊನೆಯ ಬೀದಿಗೆ ಬರುವಷ್ಟರಲ್ಲಿ ಜನ ಕೆಲಸಕ್ಕೆ ಹೊರಟಿರುತ್ತಾರೆ, ತೊಟ್ಟಿ ಇದ್ದ ಜಾಗದಲ್ಲೇ ಕವರ್‌ಗಳು ಬೀಳತೊಡಗುತ್ತವೆ. ಪಾಲಿಕೆಯವರು ಅದನ್ನು ಬ್ಲ್ಯಾಕ್ ಸ್ಪಾಟ್ ಎಂದು ಕರೆದು ಅಲ್ಲಿ ರಂಗೋಲಿ ಬಿಡಿಸಿ, ದೇವರ ಚಿತ್ರ ಅಂಟಿಸಿ, ಕ್ಯಾಮೆರಾ ಹಾಕುತ್ತಾರೆ. ಗಾಡಿಯ ಲೆಕ್ಕ ಸರಿಮಾಡುವುದು ಇವೆಲ್ಲಕ್ಕಿಂತ ಅಗ್ಗ.

ಈಗ ಪಾಲಿಕೆಯೊಳಗೆ ಹೋಗೋಣ. ಪರಿಸರ ಅಭಿಯಂತರರು ಮತ್ತು ಆರೋಗ್ಯ ಅಧಿಕಾರಿಗಳು ಎಷ್ಟು ಕಸ ಹುಟ್ಟುತ್ತದೆ ಎಂಬ ಅಂದಾಜಿನಿಂದ ಶುರು ಮಾಡುತ್ತಾರೆ. ನಮ್ಮ ನಗರಗಳಲ್ಲಿ ಒಬ್ಬರಿಂದ ದಿನಕ್ಕೆ 0.2ರಿಂದ 0.6 ಕಿಲೋ ಎಂಬುದು ರೂಢಿಯ ಲೆಕ್ಕ. ಊರು ದೊಡ್ಡದಾದಷ್ಟೂ ತೂಕ ಹೆಚ್ಚು, ಅದರಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಹಸಿ ಕಸ. ಈ ಅಂದಾಜಿನ ಮೇಲೆ ಡಿಪಿಆರ್, ಅಂದರೆ ವಿಸ್ತೃತ ಯೋಜನಾ ವರದಿ ತಯಾರಾಗುತ್ತದೆ, ಹೆಚ್ಚಾಗಿ ಹೊರಗಿನ ಸಲಹೆಗಾರರ ಕೈಯಲ್ಲಿ. ಅದು ಸಾರ್ವಜನಿಕ ಆರೋಗ್ಯದ ಸ್ಥಾಯಿ ಸಮಿತಿಗೆ, ಅಲ್ಲಿಂದ ಸಾಮಾನ್ಯ ಸಭೆಗೆ ಹೋಗುತ್ತದೆ. ಹಣ ಸ್ವಚ್ಛ ಭಾರತ ಅಭಿಯಾನದ್ದೋ ಹಣಕಾಸು ಆಯೋಗದ್ದೋ ಆದರೆ ರಾಜ್ಯದ ಪೌರಾಡಳಿತ ನಿರ್ದೇಶನಾಲಯದ ಒಪ್ಪಿಗೆಯೂ ಬೇಕು. ಘಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಜಾಗಕ್ಕೆ ಜಿಲ್ಲಾಧಿಕಾರಿ. ಕಡೆಗೆ ಟೆಂಡರ್.

ಸಾಮಾನ್ಯ ಸಭೆಯಲ್ಲಿ ಈ ವಿಷಯ ಬಂದಾಗ ಚರ್ಚೆ ನಡೆಯುವುದು ಎಷ್ಟು ಕೋಟಿ, ಯಾವ ವಾರ್ಡಿಗೆ ಎಷ್ಟು ಗಾಡಿ, ಯಾವ ಕಂಪನಿ ಎಂಬುದರ ಸುತ್ತಲೇ. ಗುತ್ತಿಗೆದಾರನಿಗೆ ಯಾವುದರ ಲೆಕ್ಕದಲ್ಲಿ ಹಣ ಕೊಡುತ್ತೇವೆ ಎಂಬ ಪ್ರಶ್ನೆ ಏಳುವುದು ಅಪರೂಪ. ನಿಮ್ಮ ಹಸಿ ಕಸ, ಒಣ ಕಸ ಒಂದಾಗುವ ಕಥೆ ಅಲ್ಲಿಂದಲೇ ಶುರುವಾಗುತ್ತದೆ.

ಟನ್ ಲೆಕ್ಕದಲ್ಲಿ ಹಣ ಕೊಡುವ ಗುತ್ತಿಗೆ ಅಂದುಕೊಳ್ಳಿ. ವೇಬ್ರಿಡ್ಜ್ ಮೇಲೆ ಗಾಡಿ ನಿಂತಾಗ ಎಷ್ಟು ತೂಗುತ್ತದೋ ಅಷ್ಟು ಬಿಲ್ಲು. ಹಸಿ ಕಸದಲ್ಲಿ ನೀರಿರುತ್ತದೆ, ತೂಕ ಜಾಸ್ತಿ. ಒಣ ಕಸ ಗಾಡಿ ತುಂಬ ಜಾಗ ಹಿಡಿಯುತ್ತದೆ, ತೂಕ ಇಲ್ಲ. ಒಣ ಕಸಕ್ಕೆಂದು ಪ್ರತ್ಯೇಕ ಟ್ರಿಪ್ ಓಡಿಸಿದರೆ ಡೀಸೆಲ್ ಅಷ್ಟೇ ಸುಡುತ್ತದೆ, ಬಿಲ್ಲು ಮಾತ್ರ ಏಳುವುದಿಲ್ಲ. ಚರಂಡಿ ಹೂಳು, ಕಟ್ಟಡದ ಅವಶೇಷ ಜೊತೆಗೆ ಸೇರಿದರೆ ತೂಕ ಇನ್ನೂ ಚೆನ್ನಾಗಿ ಬರುತ್ತದೆ. ಇಂಥ ಗುತ್ತಿಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಬೇರ್ಪಡಿಸಿ ಎಂದು ನಿಮಗೆ ಚೀಟಿ ಹಂಚುವುದು ಹೊಳೆಯಲ್ಲಿ ಹುಣಿಸೆ ಹಣ್ಣು ತೊಳೆದ ಹಾಗೆ. ಗಾಡಿಯ ಹುಡುಗರನ್ನು ಬೈದು ಪ್ರಯೋಜನವಿಲ್ಲ. ಅವರು ಮಾಡುತ್ತಿರುವುದು ಗುತ್ತಿಗೆ ಕರಾರು ಏನು ಹೇಳುತ್ತದೋ ಅದನ್ನೇ.

ಮನೆ ಲೆಕ್ಕದಲ್ಲಿ ಕೊಡುವ ಗುತ್ತಿಗೆಯೂ ಇದೆ. ಇಷ್ಟು ಮನೆಗಳಿಂದ ದಿನವೂ ಕಸ ಪಡೆದರೆ ತಿಂಗಳಿಗೆ ಇಷ್ಟು ಎಂದು. ಆಗ ತೂಕ ಏರಿಸುವ ಆಸೆ ಇರುವುದಿಲ್ಲ, ಆದರೆ ಗಾಡಿ ಬಂದಿತ್ತು ಎಂಬುದಕ್ಕೆ ಪುರಾವೆ ಬೇಕು. ಅದಕ್ಕೇ ಗೇಟಿಗೆ ಕ್ಯೂಆರ್ ಫಲಕವನ್ನೋ ಆರ್‌ಎಫ್‌ಐಡಿ ಚಿಪ್ಪನ್ನೋ ಅಂಟಿಸುವುದು. ಕಸ ಪಡೆಯದೆ ಫಲಕವನ್ನಷ್ಟೇ ಸ್ಕ್ಯಾನ್ ಮಾಡಿಕೊಂಡು ಮುಂದೆ ಹೋಗುವುದಕ್ಕೂ ಯಾರ ಅಡ್ಡಿಯಿಲ್ಲ ಅನ್ನಿ. ನನ್ನ ಮಟ್ಟಿಗೆ ಸರಿಯಾದದ್ದು ಮೂರನೆಯ ದಾರಿ. ಸಂಗ್ರಹಕ್ಕೆ ಒಂದು ನಿಗದಿತ ಮೊತ್ತ, ಅದರ ಮೇಲೆ ಗೊಬ್ಬರ ಘಟಕಕ್ಕೆ ತಲುಪಿಸಿದ ಶುದ್ಧ ಹಸಿ ಕಸಕ್ಕೂ ಒಣಕಸ ಸಂಗ್ರಹ ಕೇಂದ್ರಕ್ಕೆ ಕೊಟ್ಟ ಒಣ ಕಸಕ್ಕೂ ಹೆಚ್ಚುವರಿ ದರ. ಮಿಶ್ರ ಕಸ ತಂದರೆ ಕಡಿತ. ಕೇಳಲು ಸರಳ, ಜಾರಿಗೆ ಕಷ್ಟ. ಯಾಕೆಂದರೆ ಗಾಡಿಯ ಕಸ ಶುದ್ಧವೋ ಮಿಶ್ರವೋ ಎಂದು ದಿನವೂ ನೋಡಿ ಸಹಿ ಹಾಕುವ ಒಬ್ಬರು ಬೇಕು. ಆ ಸಹಿ ಆರೋಗ್ಯ ನಿರೀಕ್ಷಕರದ್ದೋ ಘಟಕದ ಉಸ್ತುವಾರಿಯದ್ದೋ ಎಂಬ ಒಂದು ಸಾಲಿನಲ್ಲಿ ಇಡೀ ಗುತ್ತಿಗೆಯ ಹಣೆಬರಹ ಇದೆ. ಘಟಕ ನಡೆಸುವವರಿಗೆ ಮಿಶ್ರ ಕಸ ನಷ್ಟ, ಅವರು ಸುಮ್ಮನೆ ಸಹಿ ಹಾಕುವುದಿಲ್ಲ. ಸಂಗ್ರಹದ ಗುತ್ತಿಗೆ, ಘಟಕದ ಗುತ್ತಿಗೆ ಎರಡನ್ನೂ ಒಬ್ಬರಿಗೇ ಕೊಟ್ಟರೆ ಈ ಜಗಳವೇ ಹುಟ್ಟುವುದಿಲ್ಲ. ಹುಟ್ಟದಿರುವುದು ಒಳ್ಳೆಯದಲ್ಲ.

ಗಾಡಿಯಲ್ಲಿ ಸರಿಯಾಗಿ ಬೇರೆ ಬೇರೆ ಇಟ್ಟುಕೊಂಡು ಹೋದ ಕಸವೂ ಮುಂದೆ ಒಂದಾಗುವುದುಂಟು. ಟಿಪ್ಪರ್‌ಗಳು ಒಂದು ಕಡೆ ಸೇರಿ ಕಸವನ್ನು ಒತ್ತಿ ತುಂಬುವ ದೊಡ್ಡ ಕಾಂಪ್ಯಾಕ್ಟರ್ ಲಾರಿಗೆ ಸುರಿಯುತ್ತವೆ. ಅಲ್ಲಿ ಒಂದೇ ಕಾಂಪ್ಯಾಕ್ಟರ್ ನಿಂತಿದ್ದರೆ ಬೆಳಗಿನ ಶ್ರಮವೆಲ್ಲ ಅಲ್ಲಿಗೇ ಮುಗಿಯಿತು. ಇನ್ನೊಂದು ಕಾರಣ ಘಟಕದ್ದು. ಗೊಬ್ಬರ ಘಟಕದ ಯಂತ್ರ ಕೆಟ್ಟಿದೆ, ಮಳೆಗಾಲದಲ್ಲಿ ರಾಶಿ ಒಣಗುತ್ತಿಲ್ಲ, ತಯಾರಾದ ಗೊಬ್ಬರಕ್ಕೆ ಗಿರಾಕಿ ಇಲ್ಲ, ಅಕ್ಕಪಕ್ಕದವರು ವಾಸನೆಗೆ ಗೇಟ್ ಮುಚ್ಚಿಸಿದ್ದಾರೆ. ಆಗ ಹಸಿ ಕಸಕ್ಕೆ ಹೋಗಲು ಜಾಗವಿಲ್ಲ, ಎಲ್ಲವೂ ಡಂಪಿಂಗ್ ಯಾರ್ಡಿಗೆ. ಹಾಗಾಗಿ ಗಾಡಿಯವರನ್ನು 'ಯಾಕ್ರೀ ಒಂದೇ ಮಾಡ್ತೀರಿ' ಎಂದು ಕೇಳುವುದಕ್ಕಿಂತ, ನಮ್ಮ ವಾರ್ಡಿನ ಹಸಿ ಕಸ ಇವತ್ತು ಯಾವ ಘಟಕಕ್ಕೆ ಹೋಯಿತು, ಅಲ್ಲಿನ ತೂಕದ ಚೀಟಿ ಎಲ್ಲಿ ಎಂದು ಪಾಲಿಕೆಯನ್ನು ಕೇಳುವುದು ಲೇಸು.

ನಿಮ್ಮ ಗಾಡಿಯ ಸಹಾಯಕರು ಡಬ್ಬ, ರಟ್ಟು, ಬಾಟಲಿಗಳನ್ನು ಚೀಲಕ್ಕೆ ಹಾಕಿ ಪಕ್ಕಕ್ಕೆ ಕಟ್ಟಿಕೊಳ್ಳುವುದನ್ನು ನೋಡಿರುತ್ತೀರಿ. ಅದನ್ನು ಕಳ್ಳತನ ಎನ್ನುವವರಿದ್ದಾರೆ. ನಾನು ಹಾಗೆ ಎನ್ನಲಾರೆ. ಸಂಬಳ ಸರಿಯಾಗಿ ಬಾರದ ಗುತ್ತಿಗೆಯಲ್ಲಿ ಆ ಮಾರಾಟದ ದುಡ್ಡೇ ಅವರ ಕೈ ಹಿಡಿಯುವುದು. ಒಣ ಕಸದಲ್ಲಿ ಬೆಲೆ ಇರುವುದನ್ನು ಗುರುತಿಸುವ ಕಣ್ಣು ಅವರಿಗೂ ಚಿಂದಿ ಆಯುವವರಿಗೂ ಇದೆ. 2016ರ ನಿಯಮಗಳು ಆಯುವವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಿ ಎಂದೇ ಹೇಳಿದವು. ಬೆಂಗಳೂರಿನ ಎಷ್ಟೋ ಒಣಕಸ ಸಂಗ್ರಹ ಕೇಂದ್ರಗಳನ್ನು ಹಿಂದೆ ಬೀದಿಯಲ್ಲಿ ಆಯುತ್ತಿದ್ದವರೇ ನಡೆಸಿದ್ದಾರೆ, ಆಯುವವರ ಪರ ಕೆಲಸ ಮಾಡುವ ಹಸಿರು ದಳದಂಥ ಸಂಘಟನೆಗಳು ಅದರ ಹಿಂದೆ ನಿಂತಿವೆ.

ಊರಿನ ಕಸದ ನೀತಿ ದಿಢೀರನೆ ಬದಲಾಗುವುದು ಯಾವಾಗ ಎಂದು ಕೇಳಿದರೆ, ಪಕ್ಕದ ಹಳ್ಳಿಯವರು ರಸ್ತೆಗೆ ಅಡ್ಡ ಕೂತಾಗ. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರದ ಯಾರ್ಡ್ 2012ರಲ್ಲಿ ಮುಚ್ಚಿತು, ನಗರದ ಬೀದಿಗಳಲ್ಲಿ ರಾಶಿ ಬಿತ್ತು. ಮುಂದೆ ಭಾರ ಬಿದ್ದ ಮಂಡೂರಿನ ಜನ ಹೋರಾಡಿ 2014ರ ಕೊನೆಗೆ ಲಾರಿಗಳನ್ನು ನಿಲ್ಲಿಸಿದರು. 2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಮನೆಗಳಿಗೆ ಎರಡು ಬುಟ್ಟಿ, ಒಂದು ಚೀಲ ಎಂಬ ಪದ್ಧತಿ ವಿಧಿಸಿತು: ಹಸಿಗೆ ಹಸಿರು ಬುಟ್ಟಿ, ಡೈಪರ್ ಪ್ಯಾಡ್‌ಗಳಂಥವಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಬುಟ್ಟಿಯ ಬಣ್ಣ ಹೇಳಿದ್ದು ಮೇಯರ್ ಅಲ್ಲ, ನ್ಯಾಯಾಧೀಶರು. ಅದಕ್ಕೂ ಮುಂಚೆ ಮಾವಳ್ಳಿಪುರ, ಮಂಡೂರುಗಳ ಜನ ಅಷ್ಟು ವರ್ಷ ಆ ನಾತ ಕುಡಿದಿದ್ದರು. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಕಸದ ಗುಡ್ಡವೇ ಜಾರಿ ಕೆಳಗಿನ ಮಂದಾರದ ಮನೆ, ತೋಟಗಳ ಮೇಲೆ ಬಂತು, ಕುಟುಂಬಗಳು ಊರು ಬಿಡಬೇಕಾಯಿತು.

ಹೊಸ ಜಾಗ ಹುಡುಕುವುದು ಎಷ್ಟು ಕಷ್ಟ ಎಂಬುದಕ್ಕೆ 2016ರ ನಿಯಮಗಳ ಅಂತರಗಳನ್ನೇ ನೋಡಿ. ಭೂಭರ್ತಿ ತಾಣ, ಅಂದರೆ ಕಸ ಹೂಳುವ ಜಾಗ, ನದಿಯಿಂದ 100 ಮೀಟರ್, ಕೆರೆಯಿಂದ 200 ಮೀಟರ್, ಜನವಸತಿ, ಹೆದ್ದಾರಿ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್, ವಿಮಾನ ನಿಲ್ದಾಣದಿಂದ 20 ಕಿಲೋಮೀಟರ್ ದೂರ ಇರಬೇಕು ಎಂದು ಅವು ಹೇಳಿದ್ದವು. ದೊಡ್ಡ ನಗರದ ಸುತ್ತ ಇಷ್ಟೆಲ್ಲ ಹೊಂದುವ ಜಾಗ ಸಿಕ್ಕರೂ ಅಲ್ಲೊಂದು ಹಳ್ಳಿ ಇದ್ದೇ ಇರುತ್ತದೆ. ಹಾಗಾಗಿ ಕಸದ ವಿಷಯದಲ್ಲಿ ನಿಜವಾದ ವೀಟೊ ಇರುವುದು ಪಾಲಿಕೆಗೆ ಮತ ಹಾಕದ ಹಳ್ಳಿಗರ ಕೈಯಲ್ಲಿ.

ಜಾಗ ಸಿಗದ ಪಾಲಿಕೆಗೆ ಸುಟ್ಟುಬಿಡುವ ಯೋಚನೆ ಬರುವುದು ಸಹಜ. ಬಿಡದಿಯಲ್ಲಿ ದಿನಕ್ಕೆ 600 ಟನ್ ಕಸದಿಂದ 11.5 ಮೆಗಾವಾಟ್ ವಿದ್ಯುತ್ ಮಾಡುವ ಘಟಕ ಎದ್ದಿದೆ. ಇಂಥ ಘಟಕಗಳ ಬಗ್ಗೆ ನನಗೆ ಅನುಮಾನವಿದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಹಸಿ ಕಸದ ನೀರಿನಂಶ ಬೆಂಕಿಗೆ ಒಗ್ಗುವುದಿಲ್ಲ, ಚೆನ್ನಾಗಿ ಉರಿಯಬೇಕಾದರೆ ಒಣ ಕಸವೇ ಬೇಕು. ಮರುಬಳಕೆಗೆ ಹೋಗಬೇಕಾದ ರಟ್ಟು, ಪ್ಲಾಸ್ಟಿಕ್ ಆಗ ಉರುವಲಾಗುತ್ತವೆ. ಇಂಥ ಒಪ್ಪಂದಗಳು ದಶಕಗಳಿಗೆ ಆಗುವಂಥವು. ದಿನಕ್ಕೆ ಇಷ್ಟು ಟನ್ ಕೊಟ್ಟೇ ಕೊಡುತ್ತೇವೆ ಎಂದು ನಗರ ಬರೆದುಕೊಟ್ಟರೆ, ಮುಂದೆ ಕಸ ಕಡಿಮೆ ಮಾಡಿದ ಜನರಿಂದಲೇ ನಗರಕ್ಕೆ ನಷ್ಟ. ಸಂಗ್ರಹದ ಗುತ್ತಿಗೆ ಕೆಟ್ಟದ್ದಾದರೆ ಕೆಲವು ವರ್ಷದಲ್ಲಿ ಮುಗಿಯುತ್ತದೆ. ಇದು ಮುಗಿಯುವುದಿಲ್ಲ.

ಶುಲ್ಕಕ್ಕೆ ಬರುತ್ತೇನೆ. ಬಳಕೆದಾರರ ಶುಲ್ಕ ವಸೂಲಿಗೆ 2016ರ ನಿಯಮಗಳಲ್ಲೇ ಅವಕಾಶವಿತ್ತು, ದರ ನಿಗದಿ ಉಪವಿಧಿಯ, ಅಂದರೆ ಪಾಲಿಕೆ ತಾನೇ ಮಾಡಿಕೊಳ್ಳುವ ನಿಯಮದ ಮೂಲಕ ಆಗಬೇಕು. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಮನೆಗಳಿಗೆ ಕಟ್ಟಡದ ವಿಸ್ತೀರ್ಣದ ಮೇಲೆ ತಿಂಗಳಿಗೆ 10ರಿಂದ 400 ರೂಪಾಯಿವರೆಗೆ ಹಾಕಿ ಆಸ್ತಿ ತೆರಿಗೆ ಜೊತೆ ಸೇರಿಸಿದರು. ಅಲ್ಲಿನ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದು ಆಡಳಿತಾಧಿಕಾರಿಯ ಆಳ್ವಿಕೆ ಇತ್ತು, ಕಸದ ಹೊಣೆ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಎಂಬ ಕಂಪನಿಗೆ ಹೋಗಿತ್ತು. ಅಂದರೆ ನಾಲ್ಕು ಜನ ಕಾರ್ಪೊರೇಟರ್‌ಗಳು ಎದ್ದು ಕೂಗಾಡುವ ಅವಕಾಶವೂ ಇಲ್ಲದೆ ಆದ ತೀರ್ಮಾನ ಅದು. ನಿಮ್ಮೂರಿನಲ್ಲಿ ಕೂಗಾಡಲು ಕಾರ್ಪೊರೇಟರ್ ಇದ್ದಾರಲ್ಲ, ಅಷ್ಟರ ಮಟ್ಟಿಗೆ ನೀವು ವಾಸಿ.

ವಿಸ್ತೀರ್ಣದ ಮೇಲಿನ ಶುಲ್ಕ ವಸೂಲಿಗೆ ಸುಲಭ, ಬಡವರ ಸಣ್ಣ ಮನೆಗೆ ಹಗುರ, ಇವೆರಡು ಅದರ ಗುಣ. ಆದರೆ ಬೇರ್ಪಡಿಸಿದವರಿಗೂ ಬೀದಿಗೆ ಎಸೆದವರಿಗೂ ಅದು ಒಂದೇ. ದಕ್ಷಿಣ ಕೊರಿಯಾದಲ್ಲಿ 1995ರಿಂದ ದೇಶಾದ್ಯಂತ ಕಸದ ಪ್ರಮಾಣಕ್ಕೆ ತಕ್ಕಂತೆ ಹಣ ತೆಗೆದುಕೊಳ್ಳುವ ಪದ್ಧತಿ ಇದೆ, ನಿಗದಿತ ಚೀಲ ಕೊಂಡು ಅದರಲ್ಲೇ ಕಸ ಹಾಕಬೇಕು. ನಮ್ಮಲ್ಲಿ ಅದನ್ನು ಇವತ್ತೇ ತಂದರೆ ಚೀಲದ ದುಡ್ಡು ಉಳಿಸಲು ಕಸ ಖಾಲಿ ಸೈಟಿಗೆ, ರಾಜಕಾಲುವೆಗೆ ಹೋಗುತ್ತದೆ. ಮೊದಲು ಗಾಡಿ ತಪ್ಪದೆ ಬರಲಿ.

ಹಾಗಾದರೆ ನೀವು ಎಲ್ಲಿ ಕೈಹಾಕಬೇಕು? ನಿಮ್ಮ ವಾರ್ಡಿನ ಸಂಗ್ರಹದ ಗುತ್ತಿಗೆ ಯಾವಾಗ ಮುಗಿಯುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಟೆಂಡರ್ ಕರೆದ ಮೇಲೆ ಕೂಗಿ ಲಾಭವಿಲ್ಲ, ಕರಡು ತಯಾರಾಗುವಾಗಲೇ ಹೋಗಬೇಕು. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಕಾರಣ ಟೆಂಡರ್ ಪ್ರಕಟಣೆ ಬಹಿರಂಗವಾಗಿರುತ್ತದೆ, ಸರ್ಕಾರದ ಇ-ಸಂಗ್ರಹಣಾ ಜಾಲತಾಣದಲ್ಲಿ ನೋಡಬಹುದು. ಈಗ ನಡೆಯುತ್ತಿರುವ ಗುತ್ತಿಗೆಯ ಕರಾರು, ದಂಡದ ಷರತ್ತು, ಕಳೆದ ಆರು ತಿಂಗಳಲ್ಲಿ ಎಷ್ಟು ದಂಡ ಕಡಿತವಾಯಿತು, ಘಟಕದ ತೂಕದ ದಾಖಲೆ, ಇಷ್ಟನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ದಂಡದ ಕಾಲಂ ಖಾಲಿ ಇದ್ದರೆ ಮೇಲ್ವಿಚಾರಣೆ ಹೇಗಿದೆ ಎಂದು ಬೇರೆ ಪುರಾವೆ ಬೇಕಿಲ್ಲ. ಆ ಕಾಗದ ಹಿಡಿದು ವಾರ್ಡ್ ಸಮಿತಿ ಸಭೆಗೆ ಹೋಗಿ. 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳನ್ನು ಸಂವಿಧಾನವೇ ಹೇಳಿದೆ. ನಿಮ್ಮಲ್ಲಿ ಸಮಿತಿ ರಚನೆಯೇ ಆಗಿಲ್ಲದಿದ್ದರೆ, ಮೊದಲ ಅರ್ಜಿ ಅದರ ಬಗ್ಗೆಯೇ ಇರಲಿ. ಬಜೆಟ್‌ಗೆ ಮುಂಚಿನ ಸಾರ್ವಜನಿಕ ಸಭೆಯಲ್ಲಿ ಒಂದೇ ಬೇಡಿಕೆ ಇಡಿ: ವಾರ್ಡಿಗೆ ಹಸಿ, ಒಣ ಎರಡಕ್ಕೂ ಬೇರೆ ಬೇರೆ ಗಾಡಿ, ಅದಕ್ಕೆ ಬಜೆಟ್‌ನ ಯಾವ ಲೆಕ್ಕಶೀರ್ಷಿಕೆಯಲ್ಲಿ ಹಣ ಇಟ್ಟಿದ್ದೀರಿ ತೋರಿಸಿ ಎಂದು. ಹತ್ತು ಬೇಡಿಕೆ ಇಟ್ಟರೆ ಹತ್ತಕ್ಕೂ 'ಪರಿಶೀಲಿಸಲಾಗುವುದು' ಎಂದು ಬರೆದುಕೊಳ್ಳುತ್ತಾರೆ.

ಮನೆ ಗೊಬ್ಬರದ ಪ್ರಶ್ನೆ ಉಳಿಯಿತು. ಗೊಬ್ಬರ ಮಾಡಿದ ಮಾತ್ರಕ್ಕೆ ಶುಲ್ಕ ತಾನಾಗಿ ತಪ್ಪುವುದಿಲ್ಲ, ನಿಮ್ಮ ಪಾಲಿಕೆಯ ಉಪವಿಧಿಯಲ್ಲಿ ರಿಯಾಯಿತಿ ಬರೆದಿದ್ದರೆ ಮಾತ್ರ ಸಿಗುತ್ತದೆ. ಉಪವಿಧಿಯ ಕರಡು ಆಕ್ಷೇಪಣೆಗೆ ಪ್ರಕಟವಾಗುವಾಗ ಅದನ್ನು ಸೇರಿಸಲು ಲಿಖಿತವಾಗಿ ಕೇಳಬಹುದು. ರಿಯಾಯಿತಿ ಕೊಡುವ ಮುನ್ನ ಪಾಲಿಕೆ ಪರಿಶೀಲನೆಗೆ ಬರುತ್ತದೆ, ಅದೂ ನ್ಯಾಯವೇ. ನಾಲ್ಕು ಕುಂಡ ಇಟ್ಟು ಫೋಟೊ ಕಳಿಸುವವರು ಕಡಿಮೆಯಿಲ್ಲ. ನೀವಿರುವುದು ದೊಡ್ಡ ಅಪಾರ್ಟ್‌ಮೆಂಟ್ ಆದರೆ ಮಾತು ಬೇರೆ: 5000 ಚದರ ಮೀಟರ್‌ಗಿಂತ ದೊಡ್ಡ ಸಮುಚ್ಚಯಗಳು ಸಾಧ್ಯವಾದಷ್ಟೂ ಹಸಿ ಕಸವನ್ನು ತಮ್ಮ ಆವರಣದಲ್ಲೇ ಗೊಬ್ಬರವನ್ನೋ ಅನಿಲವನ್ನೋ ಮಾಡಿ ಮುಗಿಸಬೇಕೆಂದು 2016ರ ನಿಯಮಗಳೇ ಹೇಳಿದ್ದವು. ಬಿಡಿ ಮನೆಯಾದರೆ, ಮುಚ್ಚಳವಿರುವ ಎರಡು ಡ್ರಮ್ಮು, ತೆಂಗಿನ ನಾರಿನ ಪುಡಿ ಇಲ್ಲವೇ ಒಣ ಎಲೆ ಸಾಕು. ಒಂದು ತುಂಬುವಷ್ಟರಲ್ಲಿ ಇನ್ನೊಂದು ಹಣ್ಣಾಗುತ್ತಿರುತ್ತದೆ. ಶುಲ್ಕ ಉಳಿಯದಿದ್ದರೂ ಗಾಡಿ ನಾಲ್ಕು ದಿನ ಬಾರದಿದ್ದಾಗ ನಿಮ್ಮ ಅಡುಗೆಮನೆ ನಾರುವುದಿಲ್ಲ. ಒಣ ಕಸವನ್ನು ಹೇಗೂ ತಿಂಗಳು ಇಟ್ಟುಕೊಳ್ಳಬಹುದು, ತೊಳೆದು ಒಣಗಿಸಿದ್ದರೆ.